ಆಳದ ಅಮಲು

ಮಾಲವ್ವ ಅವನ ದನಿಯನ್ನು ಮೊದಲ ಸಲ ಕೇಳಿದಾಗ ಅವನು ನೂರೈವತ್ತು ಅಡಿ ನೀರಿನ ಕೆಳಗಿದ್ದ. ಮತ್ತು ನಗುತ್ತಿದ್ದ!

ಅವಳು ಅವನ ಮುಖ ನೋಡಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಜೀಪಿನಿಂದ ಇಳಿದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬಿಳಿ ಮೀಸೆಯ ಮುದುಕನೊಬ್ಬ ಓಡಿಬಂದು ಅವಳ ಕೈಗೆ ಹೆಡ್‌ಫೋನು ತುರುಕಿದ್ದ.

"ಹಾಕ್ಕೋ ತಂಗೆವ್ವ. ಹನ್ನೆರಡ ತಿಂಗಳ ಹೆಸರು ಹೇಳು ಅನ್ನು ಅವಗ. ತಪ್ಪಿದ ಅಂದ್ರ ನನಗ ಕೂಗು. ಉಳದಂಗ ಅಂವ ಏನ ಅಂದ್ರೂ ಮನಸ್ಸಿಗೆ ಹಚ್ಕೋಬ್ಯಾಡ."

ಅಷ್ಟು ಹೇಳಿ ಮುದುಕ ಗಾಳಿ ಪಂಪಿನ ಕಡೆ ಓಡಿದ. ಮಾಲವ್ವ ಹೆಡ್‌ಫೋನು ಏರಿಸಿಕೊಂಡಳು. ಅದು ಮಾತ್ರ ಅವಳಿಗೆ ಹೊಸದಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತು, ಮುಂಬೈ ಟ್ರಂಕ್‌ಕಾಲಿನ ಗೊರಗೊರ ಸದ್ದಿನಲ್ಲೂ ಮಾತು ಹಿಡಿಯುವ ಕಿವಿ ಅವಳದು. ಜೋಯಿಡಾ ದಾರಿಯ ಮ್ಯಾಂಗನೀಸ್ ಗಣಿಯವರು ಅವಳನ್ನು ಎರವಲು ಕೇಳಿದ್ದೂ ಅದಕ್ಕೇ. ನೀರಿನಡಿ ಕೆಲಸ ಮಾಡುವ ಡೈವರನ ಫೋನು ಹಿಡಿಯುತ್ತಿದ್ದವನಿಗೆ ಚಳಿಜ್ವರ ಬಂದು ಅವನು ಎರಡು ಕಂಬಳಿಯೊಳಗೆ ನಡುಗುತ್ತ ಬಿದ್ದಿದ್ದ.

"ತಿಂಗಳ ಹೆಸರು ಹೇಳ್ರಿ," ಎಂದಳು ಮಾಲವ್ವ, ಬೋರ್ಡಿನ ಮುಂದೆ 'ನಂಬರ್ ಹೇಳ್ರಿ' ಅನ್ನುವ ಹಾಗೆಯೇ.

"ಚೈತ್ರ... ವೈಶಾಖ... ಜ್ಯೇಷ್ಠ..." ಆ ಕಡೆಯಿಂದ ಗುಳುಗುಳು ಸದ್ದು, ಅದರ ನಡುವೆ ನಗು. "ಯಾರ ನೀನು? ನಿನ್ನ ದನೀಗೆ ಬೆಲ್ಲದ ಪಾಕ ಹಾಕ್ಯಾರೇನು?"

ಮಾಲವ್ವನ ಕೆನ್ನೆ ಬಿಸಿಯಾಯಿತು. ಸಿಟ್ಟಿಗೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. ಆದರೆ ಮರುಕ್ಷಣವೇ ಅವಳು ಬೆಚ್ಚಿದಳು. ಆ ನಗು ಅವಳಿಗೆ ಗೊತ್ತಿತ್ತು. ಕಟ್ಟು ಬಿಚ್ಚಿದಂತೆ, ಕಾರಣವಿಲ್ಲದೆ ಬರುವ ಸಡಿಲ ನಗು. ಅಕ್ಕ ತಾಯವ್ವನ ಗಂಡ ಸಂಜೆ ಮನೆಗೆ ಬರುವಾಗ ಬಾಗಿಲಲ್ಲಿ ಅವನಿಗಿಂತ ಮೊದಲು ಬರುತ್ತಿದ್ದುದು ಇದೇ ನಗು.

ತಾಯವ್ವ ಈಗ ಒಂದು ಟ್ರಂಕು ಹಿಡಿದು ತವರಿಗೆ ಬಂದು ಕುಳಿತಿದ್ದಾಳೆ. ಅವತ್ತಿನಿಂದ ಅಪ್ಪ ನಾಗಲಿಂಗಪ್ಪನದು ಒಂದೇ ಮಾತು. ಸಣ್ಣವಳನ್ನು ಬೇಕಾದರೆ ಜೀವಮಾನವಿಡೀ ಮನೆಯಲ್ಲೇ ಇಟ್ಟುಕೊಂಡೇನು, ಕುಡುಕನಿಗೆ ಮಾತ್ರ ಕೊಡಲಾರೆ. ಮಾಲವ್ವನದೂ ಅದೇ ಹಟ.

'ಕುಡದು ನೀರಿಗೆ ಇಳದಾನ... ಇವಂಗ ಜೀವದ ಮ್ಯಾಲೆ ಆಸೆ ಇಲ್ಲೇನು?'

"ಕಾಕಾ, ತಪ್ಪಿದ್ರು," ಎಂದು ಕೂಗಿದಳು.

ಮುದುಕ ದುರ್ಗಪ್ಪ ಕೈ ಎತ್ತಿದ. ಹಗ್ಗ ಹಿಡಿದವರು ಎಳೆಯತೊಡಗಿದರು.

ಆಗಲೇ ಒಂದು ವಿಚಿತ್ರ ನಡೆಯಿತು. ಹಗ್ಗ ಮೇಲೆ ಬಂದಂತೆಲ್ಲ ಕಿವಿಯೊಳಗಿನ ನಗು ಇಳಿಯಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಆ ದನಿ ಗಂಟಲು ಸರಿಮಾಡಿಕೊಂಡು, ಬೇರೆ ಯಾರದೋ ಎಂಬಷ್ಟು ಸಂಕೋಚದಿಂದ ಕೇಳಿತು. "ಹೊಸಾಬ್ರೇನ್ರಿ? ನಾ ಏನಾರ ಕಾಡಿದ್ನೇನ್ರಿ?"

ಭಾವನೂ ಬೆಳಿಗ್ಗೆ ಎದ್ದು ಹೀಗೇ ಕೇಳುತ್ತಿದ್ದ.

ದುರ್ಗಪ್ಪ ಅವನನ್ನು ಒಮ್ಮೆಲೇ ಮೇಲೆ ತರಲಿಲ್ಲ. ನೀರಿನ ನಡುವೆಯೇ ಬಹಳ ಹೊತ್ತು ಹಗ್ಗಕ್ಕೆ ತೂಗಿಬಿಟ್ಟ. ಕಡೆಗೆ ತಾಮ್ರದ ದೊಡ್ಡ ಟೊಪ್ಪಿಗೆಯೊಂದು ನೀರಿನಿಂದ ಎದ್ದಿತು. ಸೀಸದ ಬೂಟು, ರಬ್ಬರಿನ ಅಂಗಿ, ಹೆಗಲಿಗೆ ಭಾರದ ತುಂಡು. ನಾಲ್ಕು ಜನ ಸೇರಿ ಟೊಪ್ಪಿಗೆಯ ತಿರುಪು ಬಿಚ್ಚಿದಾಗ ಒಳಗಿಂದ ಬಂದದ್ದು ಬೆವೆತ, ಎಳೆಯ, ಬಹಳ ಒಳ್ಳೆಯ ಮುಖ. ಆ ಮುಖ ಮಾಲವ್ವನನ್ನು ಕಂಡು ಕಿವಿಯವರೆಗೂ ಕೆಂಪಾಯಿತು.

ಅದರ ಜೊತೆಗೇ ಗಪ್ ಅಂತ ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಇನ್ನೇನು ಬೇಕು? ಮಾಲವ್ವನ ಮನಸ್ಸಿನಲ್ಲಿ ತೀರ್ಪು ಬರೆದು ಮೊಹರು ಒತ್ತಿ ಆಯಿತು.

ನೀರಿಗೆ ಇಳಿಸುವ ಮೊದಲು ದುರ್ಗಪ್ಪ ಟೊಪ್ಪಿಗೆಯ ಗಾಜನ್ನು ದಿನವೂ ಸ್ಪಿರಿಟ್ಟಿನಿಂದ ಒರೆಸುತ್ತಾನೆ ಎಂಬುದನ್ನು ಅವಳಿಗೆ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಅದು ಅರವತ್ತೆರಡನೆಯ ಇಸವಿಯ ಬೇಸಿಗೆ. ಗಣಿಯ ಆಳವಾದ ಬಾವಿಗೆ ನೆಲದೊಳಗಿನ ಸೆಲೆ ಒಡೆದು ನೀರು ತುಂಬಿತ್ತು. ನೀರೆತ್ತುವ ದೊಡ್ಡ ಪಂಪು ತಾನೇ ಅಡಿಯಲ್ಲಿ ಮುಳುಗಿ ಕೂತಿತ್ತು. ಮಳೆಗಾಲದೊಳಗೆ ಅದನ್ನು ಮೇಲಕ್ಕೆ ತರದಿದ್ದರೆ ಗಣಿ ಮುಚ್ಚಬೇಕು, ಆಳುಗಳು ಬೇರೆ ಊರು ನೋಡಬೇಕು. ಹಾಗಾಗಿ ಮುಂಬೈ ಬಂದರಿನ ಡಾಕಿನಿಂದ ಡೈವರನನ್ನು ಕರೆಸಿದ್ದರು. ಬಂದವನು ನೋಡಿದರೆ ಹಳಿಯಾಳದ ಒಕ್ಕಲುತನದ ಮನೆಯ ಹುಡುಗ! ಹೆಸರು ಈಶಪ್ಪ. ಚಿಕ್ಕಂದಿನಲ್ಲಿ ಊರ ಬಾವಿಗೆ ಬಿದ್ದ ಕೊಡಗಳನ್ನೆಲ್ಲ ಎತ್ತಿಕೊಡುತ್ತಿದ್ದವನು ಡಾಕಿಗೆ ಹೋಗಿ ಅದೇ ಕಸುಬು ಕಲಿತಿದ್ದ. ದುರ್ಗಪ್ಪನೂ ಅಲ್ಲಿಂದಲೇ ಅವನ ಜೊತೆ ಬಂದವನು. ಆಳುಗಳಿಗೆ ಕೆಳಗೆ ಗಾಳಿ ಕಳಿಸುವ ಪಂಪು ತಿರುಗಿಸುವುದು ಕಲಿಸುವುದೂ ಅವನದೇ ಕೆಲಸ, ಹಗ್ಗ ಕಾಯುವುದೂ ಅವನದೇ.

ಮಾಲವ್ವ ದಿನವೂ ಜೀಪಿನಲ್ಲಿ ಹೋಗಿ ಬರತೊಡಗಿದಳು. ದಿನವೂ ಅವಳಿಗೆ ಇಬ್ಬರು ಈಶಪ್ಪರು ಸಿಗುತ್ತಿದ್ದರು.

ಮೇಲಿನ ಈಶಪ್ಪನಿಗೆ ಬಾಯಲ್ಲಿ ನಾಲ್ಕು ಮಾತಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿ, ಉಣ್ಣೆಯ ಅಂಗಿ ತೊಟ್ಟು ಸುಮ್ಮನೆ ಕೂತಿರುತ್ತಿದ್ದ. ಅವಳು ಬಂದರೆ ಎದ್ದು ನಿಲ್ಲುತ್ತಿದ್ದ. ಬಿಸಿಲಲ್ಲಿ ಕೂತಿದ್ದಾಳೆಂದು ಕಂಡರೆ ಏನೂ ಹೇಳದೆ ಬಿದಿರ ಗಳಕ್ಕೆ ತಾಡಪಾಲು ಕಟ್ಟಿ ನೆರಳು ಮಾಡಿ ಹೋಗುತ್ತಿದ್ದ. ತಾಯವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅವಳು ಪಾಲು ಕೊಟ್ಟರೆ ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದ. ಹೇಗಿದೆ ಅಂತ ಕೇಳಿದರೆ ಇನ್ನೊಂದು ರೊಟ್ಟಿ ತೆಗೆದುಕೊಳ್ಳುವುದೇ ಉತ್ತರ. ಉಳಿದ ಚಟ್ನಿಪುಡಿಯನ್ನು ಮುಂದಿನ ಬೆಳಗಿನ ತಿಂಡಿಗೆ ಅಂತ ಕಾಗದದಲ್ಲಿ ಕಟ್ಟಿ ಬಿಡಾರಕ್ಕೆ ಒಯ್ಯುತ್ತಿದ್ದ.

ಕೆಳಗಿನ ಈಶಪ್ಪನೋ... ಅಬ್ಬಾ! ಅವನಿಗೆ ಬಾಯಿಗೆ ಬೀಗವೇ ಇಲ್ಲ. ಕತ್ತಲಲ್ಲಿ ದೀಪ ಹಿಡಿದು ಪಂಪಿನ ಬೋಲ್ಟು ಬಿಚ್ಚುತ್ತಲೇ ಅವಳ ಜೊತೆ ಹರಟುತ್ತಿದ್ದ. ಪಂಪಿಗೆ 'ದೊಡ್ಡಪ್ಪ' ಅಂತ ಹೆಸರಿಟ್ಟಿದ್ದ. ದೊಡ್ಡಪ್ಪ ಮುನಿಸಿಕೊಂಡು ಕೂತಿದ್ದಾನೆ, ರಮಿಸಿ ಮೇಲೆ ಕರೆತರಬೇಕು ಅನ್ನುತ್ತಿದ್ದ. ಚೈತ್ರ, ವೈಶಾಖ ಅಂತ ಶುರು ಮಾಡಿ ಶ್ರಾವಣಕ್ಕೆ ಬರುವಷ್ಟರಲ್ಲಿ ಹೋಳಿಗೆಯ ನೆನಪಾಗಿ ದಾರಿ ತಪ್ಪುತ್ತಿದ್ದ. ಅವಳು ತಪ್ಪಿದ್ರು ಅಂತ ಕೂಗಬೇಕು, ಹಗ್ಗ ಮೇಲೆ ಬರಬೇಕು. ಇದೇ ದಿನಚರಿ.

ಮಾಲವ್ವನಿಗೆ ಸಿಟ್ಟು ಬರಬೇಕಿತ್ತು. ಬರುತ್ತಿತ್ತು ಕೂಡ. ಆದರೆ ಆ ಸಿಟ್ಟು ಬಂದದ್ದು ತನ್ನ ಮೇಲೆ. ಯಾಕೆಂದರೆ ರಾತ್ರಿ ಮಲಗಿದಾಗಲೂ ಆ ಗುಳುಗುಳು ದನಿ ಕಿವಿಯಲ್ಲೇ ಇರುತ್ತಿತ್ತು. ಬೋರ್ಡಿನ ಮುಂದೆ ಕೂತಿದ್ದಾಗ ಇಷ್ಟು ದಿನ ಎಷ್ಟು ದನಿ ಕೇಳಿರಲಿಲ್ಲ ಅವಳು? ಒಂದಾದರೂ ಹೀಗೆ ಮನೆಯವರೆಗೆ ಬೆನ್ನು ಹತ್ತಿ ಬಂದಿತ್ತೇ?

'ಬಾಟ್ಲಿ ಎಲ್ಲಿ ಬಚ್ಚಿಟ್ಟಾನ?' ಅವಳಿಗೆ ಅದೇ ಯೋಚನೆ. ಒಂದು ದಿನ ಅವನು ನೀರಿಗಿಳಿಯುವ ಸಿದ್ಧತೆಯಲ್ಲಿದ್ದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನ ಚೀಲದಲ್ಲಿ ಕೈಯಾಡಿಸಿಯೇಬಿಟ್ಟಳು. ಸಿಕ್ಕಿದ್ದು ವಿಭೂತಿ ಗಟ್ಟಿ, ಹರಿದ ಉಣ್ಣೆಯ ಕಾಲುಚೀಲ, ಸೂಜಿದಾರ. ಹೊಲಿದು ಹೊಲಿದು ಆ ಕಾಲುಚೀಲ ಗಂಟಾಗಿತ್ತು. ಹುಡುಕಲು ಹೋದವಳು ಕಡೆಗೆ ಅದನ್ನು ಬಿಚ್ಚಿ ನೀಟಾಗಿ ಹೊಲಿದಿಟ್ಟು ಬಂದಳು. ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು!

ಅವನು ಮೇಲೆ ಬಂದು ಕಾಲುಚೀಲ ನೋಡಿದ. ಅವಳನ್ನು ನೋಡಿದ. ಅಲ್ಲೇ ಕೂತು ಅದನ್ನು ಕಾಲಿಗೆ ಏರಿಸಿಕೊಂಡ.

ಕೆಲಸ ಮುಗಿಯಲು ಇನ್ನೆರಡು ಮುಳುಗು ಬಾಕಿ ಇದ್ದಾಗ ಆ ಮಾತು ಬಂತು. ಅವಳು ಎಂದಿನಂತೆ ತಿಂಗಳು ಕೇಳಿದಳು. ಚೈತ್ರ ಬರಲಿಲ್ಲ. ಬಹಳ ಹೊತ್ತು ಗಾಳಿಯ ಸದ್ದೊಂದೇ ಇತ್ತು.

"ಮಾಲವ್ವ," ಎಂದಿತು ದನಿ. ಈ ಸಲ ನಗುತ್ತಿರಲಿಲ್ಲ. "ನನ್ನ ಮದುವಿ ಆಗ್ತೀಯೇನು?"

ಅವಳ ಕೈ ತಾನಾಗಿ ಹೆಡ್‌ಫೋನನ್ನು ಒತ್ತಿ ಹಿಡಿಯಿತು, ಆ ಮಾತು ಹೊರಗೆ ಸೋರಿ ಯಾರಿಗಾದರೂ ಕೇಳಿಸೀತೆಂಬಂತೆ. ಅದು ಅವಳೊಬ್ಬಳ ಕಿವಿಗೆ ಮಾತ್ರ ಬಂದಿತ್ತು. ಗಣಿ, ಹಗ್ಗ, ಪಂಪು, ದುರ್ಗಪ್ಪ ಎಲ್ಲ ಎಲ್ಲೋ ಹೋದವು. ಸಂತೋಷವಾಯಿತು. ಸುಳ್ಳು ಯಾಕೆ, ಬಹಳ ಸಂತೋಷವಾಯಿತು.

"ಮ್ಯಾಲೆ ಬಂದು ಹೇಳ್ರಿ," ಅಂದಳು ಮೆಲ್ಲಗೆ. 'ಮೈಮ್ಯಾಲೆ ಎಚ್ಚರ ಇಟ್ಕೊಂಡು ಹೇಳ್ಲಿ... ಇನ್ನ ಕುಡಿಯೂದಿಲ್ಲ ಅಂತ ಒಂದ ಮಾತು ಹೇಳ್ಲಿ. ಅಪ್ಪನ ಕಾಲು ಹಿಡಿದಾದ್ರೂ ಒಪ್ಪಸ್ತೇನಿ.'

ಅವನು ಮೇಲೆ ಬಂದ. ರೊಟ್ಟಿ ತಿಂದ. ತಾಡಪಾಲಿನ ಗಂಟು ಬಿಗಿ ಮಾಡಿದ. ಇಳಿಹೊತ್ತಾಯಿತು, ಜೀಪು ಬಂತು. ಅವನು ಮಾತ್ರ ಸುಮ್ಮನೇ ಇದ್ದ.

ಮಾಲವ್ವ ತಡೆಯಲಾರದೆ ತಾನೇ ಕೇಳಿದಳು. "ಕೆಳಗ ಏನ ಹೇಳಿದ್ರಿ, ನೆನಪೈತೇನ್ರಿ?"

ಈಶಪ್ಪನ ಮುಖ ಬಿಳುಪೇರಿತು. "ಏನಾರ ತಪ್ಪ ಅಂದ್ನೇನ್ರಿ? ನನಗೇನೂ ನೆನಪಿಲ್ರಿ... ಕೆಳಗಿನ ಮಾತು ಲೆಕ್ಕಕ್ಕ ಹಿಡಿಬ್ಯಾಡ್ರಿ. ನಮ್ಮ ಕಸಬಿನಾಗ ಯಾರೂ ಹಿಡಿಯೂದಿಲ್ಲ."

ಭಾವ ರಾತ್ರಿ ಅಕ್ಕನಿಗೆ ಬಂಗಾರದ ಬಳೆ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದ, ಬೆಳಿಗ್ಗೆ ಯಾವ ಬಳೆ ಅಂತ ಕೇಳುತ್ತಿದ್ದ. ಈಗ ಅದೇ ಆಟ ತನ್ನ ಪಾಲಿಗೆ.

"ಕುಡದ ಬಾಯಾಗಿನ ಮಾತಿಗೆ ಬೆಲಿ ಇಲ್ಲಂತ ನನಗೂ ಗೊತ್ತೈತ್ರಿ," ಅಂದಳು.

"ನಾ ಕುಡಿಯೂದಿಲ್ರಿ."

"ನಮ್ಮ ಭಾವನೂ ಹಂಗ ಅಂತಿದ್ರು."

ಜೀಪು ಹೊರಟಿತು. ಅವನು ನಿಂತಲ್ಲೇ ನಿಂತಿದ್ದ. ಪಾಪ, ಅವನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ಇಷ್ಟು ಒಳ್ಳೆಯ ಹುಡುಗಿ ಇಷ್ಟು ಕಟುವಾಗಿ ಮಾತಾಡಬೇಕಾದರೆ ತಾನು ಕೆಳಗೆ ಎಂಥ ಹೊಲಸು ಮಾತಾಡಿರಬೇಕು? ಮರುದಿನ ದುರ್ಗಪ್ಪನ ಕೈಯಲ್ಲಿ ಕ್ಷಮೆ ಕೇಳಿ ಕಳಿಸಿದ, ಅಂದದ್ದನ್ನೆಲ್ಲ ಮರೆತುಬಿಡಿ ಅಂತ. ಮದುವೆಯ ಮಾತನ್ನು ವಾಪಸು ತೆಗೆದುಕೊಂಡ ಅಂತಲೇ ಮಾಲವ್ವ ತಿಳಿದಳು. ಇಬ್ಬರೂ ಒಬ್ಬರಿಗಿಂತ ಒಬ್ಬರು ಜಾಣರು!

ಫೋನಿನವನ ಜ್ವರ ಬಿಟ್ಟಿತ್ತು. ಹೀಗಾಗಿ ಕೊನೆಯ ಮುಳುಗಿಗೆ ತಾನು ಹೋಗುವುದಿಲ್ಲ ಅಂತ ಮಾಲವ್ವ ಮನೆಯಲ್ಲಿ ಹೇಳಿದಳು. ಹೇಳುವಾಗ ಕಣ್ಣು ಕೆಂಪಗಿತ್ತು. ತಾಯವ್ವ ಒಂದು ಗಳಿಗೆ ತಂಗಿಯ ಮುಖ ನೋಡಿ, ಒಳಗೆ ಹೋಗಿ ಅಪ್ಪನ ಕಿವಿಯಲ್ಲಿ ಏನೋ ಊದಿದಳು.

ನಾಗಲಿಂಗಪ್ಪ ಕಾಗದದ ಮಷೀನಿನ ಮೇಲೆ ಕೆಲಸ ಮಾಡುವ ಗಟ್ಟಿ ಆಳು. ಧಾರವಾಡ ಕಡೆಯಿಂದ ಬಂದು ಕಾರ್ಖಾನೆ ಸೇರಿದವನು. ಮಾತು ಕಡಿಮೆ, ಹಟ ಜಾಸ್ತಿ. ಮರುದಿನ ರಜೆ ಹಾಕಿದ.

"ನನ್ನ ಮಗಳನ್ನ ಅಳಿಸಿದಾಂವ ಯಾಂವ, ನೋಡಿ ಬರೂಣು ನಡಿ," ಎಂದು ಮಾಲವ್ವನನ್ನು ಕರೆದುಕೊಂಡೇ ಹೊರಟ.

ಅವರು ಗಣಿ ತಲುಪುವಾಗ ಮುಗಿಲು ಕಪ್ಪಾಗಿತ್ತು. ಆ ವರ್ಷದ ಮೊದಲ ಅಡ್ಡಮಳೆ ಅಣಶಿ ಗುಡ್ಡದ ಕಡೆಯಿಂದ ಗುಡುಗಿಕೊಂಡು ಬಂದು ಒಮ್ಮೆಲೇ ಸುರಿಯಿತು. ಈಶಪ್ಪ ಆಗ ತಳದಲ್ಲಿದ್ದ. ಪಂಪಿಗೆ ಸರಪಳಿ ಸಿಕ್ಕಿಸಿ ಆಗಿದೆ ಅಂತ ಫೋನಿನವನು ಕೂಗುವುದಕ್ಕೂ, ಬಾವಿಯ ಬಾಯಿಯ ಮಣ್ಣು ಒಂದು ಮಗ್ಗುಲಿಗೆ ಜರಿಯುವುದಕ್ಕೂ ಸರಿಹೋಯಿತು. ಇನ್ನು ತಡ ಮಾಡಿದರೆ ಮಣ್ಣು ಅವನ ಮೇಲೇ ಕೂರುತ್ತಿತ್ತು. ದುರ್ಗಪ್ಪ ಹಣೆ ಚಚ್ಚಿಕೊಳ್ಳುತ್ತಲೇ ಎಳೆಯಿರಿ ಅಂದ. ನಡುನೀರಿನಲ್ಲಿ ತೂಗಿಬಿಡಲು ಹೊತ್ತೇ ಇರಲಿಲ್ಲ. ಆಳುಗಳು ಅವನನ್ನು ಸರಸರ ಎಳೆದು ಹಾಕಿದರು.

ಮಳೆ ಬಂದಷ್ಟೇ ಬೇಗ ನಿಂತಿತು. ಈಶಪ್ಪನ ಉಡುಪು ಕಳಚಿ ಅವನನ್ನು ಕೂರಿಸಿ, ದುರ್ಗಪ್ಪ ಬಾವಿಯ ಬಾಯಿಗೆ ಹಲಗೆ ಕೊಡಿಸಲು ಹೋದ. ನಾಗಲಿಂಗಪ್ಪ ಕೊಡೆ ಮಡಚಿ, ಮಗಳನ್ನು ಹಿಂದಿಟ್ಟುಕೊಂಡು ಈಶಪ್ಪನ ಮುಂದೆ ಹೋಗಿ ನಿಂತ.

ಈಶಪ್ಪ ಮರ್ಯಾದೆಗೆ ಎದ್ದ. ಎರಡು ಹೆಜ್ಜೆ ಇಟ್ಟ. ಕಾಲು ಒಂದಕ್ಕೊಂದು ತೊಡರಿ, ತೂರಾಡಿ, ಕೆಸರಲ್ಲಿ ಮೊಣಕಾಲೂರಿದ.

"ಹಾಡಹಗಲ ಇಷ್ಟ ಕುಡದಾನಲ್ಲೋ," ಅಂದ ನಾಗಲಿಂಗಪ್ಪ. ಸುತ್ತ ನಿಂತ ಆಳುಗಳೂ ಹೂಂ ಅನ್ನುವಂತೆ ಮುಖ ಮಾಡಿದರು. "ನಡಿ ಮಗಳ. ನೋಡೂದು ಆತು."

ಮಾಲವ್ವ ಅಪ್ಪನ ಹಿಂದೆ ತಿರುಗಿದಳು. ಆದರೆ ಹೆಜ್ಜೆ ಏಳಲಿಲ್ಲ. ಏನೋ ಸರಿಯಿಲ್ಲ ಅಂತ ಅವಳ ಕಿವಿ ಹೇಳುತ್ತಿತ್ತು. ಹೌದು, ಕಿವಿ. ಅವನು ತೂರಾಡುತ್ತಿದ್ದಾನೆ, ಆದರೆ ನಗು ಎಲ್ಲಿ? ಆ ಸಡಿಲ ನಗು ಇಲ್ಲ. ಹಲ್ಲು ಕಚ್ಚಿಕೊಂಡು ಮೊಣಕಾಲು, ಭುಜ ಹಿಡಿದುಕೊಂಡಿದ್ದಾನೆ.

ಅವಳು ವಾಪಸು ಓಡಿಹೋಗಿ ಅವನ ಮುಂದೆ ಕೆಸರಲ್ಲೇ ಕೂತಳು.

"ತಿಂಗಳ ಹೆಸರು ಹೇಳ್ರಿ."

ಅವನು ಕಣ್ಣು ತೆರೆದು ಅವಳನ್ನು ನೋಡಿದ. "ಚೈತ್ರ. ವೈಶಾಖ. ಜ್ಯೇಷ್ಠ. ಆಷಾಢ. ಶ್ರಾವಣ. ಭಾದ್ರಪದ..." ನೋವಿಗೆ ಉಸಿರು ಕಟ್ಟುತ್ತಿತ್ತು. ಆದರೂ ಬಿಡಲಿಲ್ಲ. ಆಶ್ವಯುಜ, ಕಾರ್ತೀಕ, ಮಾರ್ಗಶಿರ, ಪುಷ್ಯ, ಮಾಘ, ಫಾಲ್ಗುಣ. ಒಂದೂ ತಪ್ಪಲಿಲ್ಲ.

ಕೆಳಗಿದ್ದಾಗ ಮೈ ನೆಟ್ಟಗಿದ್ದು ತಲೆ ತಪ್ಪುತ್ತಿತ್ತು. ಈಗ ತಲೆ ನೆಟ್ಟಗಿದ್ದು ಮೈ ತಪ್ಪುತ್ತಿದೆ. ಇದು ಯಾವ ಹೆಂಡದ ಕೆಲಸವೂ ಅಲ್ಲ!

"ದುರ್ಗಪ್ಪ ಕಾಕಾ!" ಅವಳು ಕೂಗಿದ್ದು ಗುಡ್ಡದಾಚೆಗೂ ಕೇಳಿರಬೇಕು.

ಬಾವಿಯ ಬಾಯಿಗೆ ಹಲಗೆ ಬಿಗಿಸಿ ಮುಗಿಸಿದ್ದ ದುರ್ಗಪ್ಪ ಬಂದು ಒಂದು ನೋಟ ನೋಡಿದ, ಅಷ್ಟೇ. ಮೈಯೊಳಗೆ ಗಾಳಿ ಸಿಕ್ಕಿದೆ, ಈಗಿಂದೀಗ ಮತ್ತೆ ನೀರಿಗೆ ಇಳಿಸಬೇಕು, ತಡ ಮಾಡಿದರೆ ಕಾಲೇ ಹೋಗಬಹುದು, ಜೀವವೂ ಹೋಗಬಹುದು ಅಂದ. ಆಳುಗಳು ಹಿಂದೆ ಸರಿದರು. ಕುಡಿದು ಬಿದ್ದವನನ್ನು ಬಾವಿಗೆ ಇಳಿಸುವುದೆಂದರೆ ಕೊಲ್ಲುವುದೇ ಅಲ್ಲವೇ? ಗಾಳಿ ಪಂಪು ಮುಟ್ಟಲು ಯಾರೂ ತಯಾರಿರಲಿಲ್ಲ.

"ಅವರು ಕುಡದಿಲ್ಲ," ಅಂದಳು ಮಾಲವ್ವ. "ಕುಡದಾರ ಅಂತ ಅಂದಾಕಿ ನಾನ. ತಪ್ಪ ತಿಳಕೊಂಡಿದ್ದೆ. ಅಪ್ಪಾ, ಕುಡದಾವ್ರು ಹೆಂಗಿರ್ತಾರ ಅಂತ ನಮ್ಮ ಮನ್ಯಾಗ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೀನ ನೋಡು."

ನಾಗಲಿಂಗಪ್ಪ ಮಗಳನ್ನು ನೋಡಿದ. ಆಮೇಲೆ ಬಗ್ಗಿ ಈಶಪ್ಪನ ಬಾಯಿಗೆ ಮೂಗು ಹಿಡಿದ. ಒಮ್ಮೆ ಮೂಸಿದ. ಮತ್ತೊಮ್ಮೆ ಮೂಸಿದ. ಏನೂ ಹೇಳದೆ ಎದ್ದು, ಅಂಗಿಯ ತೋಳು ಮೇಲೇರಿಸಿ, ಗಾಳಿ ಪಂಪಿನ ಗಾಲಿಗೆ ಕೈ ಹಾಕಿದ.

"ಎಷ್ಟ ಜೋರ ತಿರಗಿಸಬೇಕು, ಹೇಳ್ರಿ," ಎಂದ ದುರ್ಗಪ್ಪನಿಗೆ.

ಅವನ ಎದುರು ಮಗ್ಗುಲಿಗೆ ಒಬ್ಬ ಆಳು ಬಂದು ನಿಂತ. ಆಮೇಲೆ ಇನ್ನೊಬ್ಬ. ಉಳಿದವರು ಈಶಪ್ಪನಿಗೆ ಮತ್ತೆ ರಬ್ಬರಿನ ಅಂಗಿ ತೊಡಿಸಿ, ತಾಮ್ರದ ಟೊಪ್ಪಿಗೆ ಬಿಗಿದು, ಹೂವಿನಂತೆ ನೀರಿಗೆ ಇಳಿಸಿದರು. ಮಾಲವ್ವ ಫೋನಿನವನ ಕಿವಿಯಿಂದ ಹೆಡ್‌ಫೋನು ಕಿತ್ತುಕೊಂಡೇ ಬಿಟ್ಟಳು.

ಮೊದಲು ನರಳುವ ಸದ್ದು ಬಂತು. ಆಮೇಲೆ ಉಸಿರು. ಆಮೇಲೆ, "ಬಿಡ್ತ್ರಿ... ನೋವು ಬಿಡ್ತು."

ಮಾಲವ್ವ ಅಲ್ಲಿಯವರೆಗೆ ತಡೆದಿಟ್ಟದ್ದನ್ನೆಲ್ಲ ಅತ್ತುಬಿಟ್ಟಳು. ಅತ್ತದ್ದು ಕೆಳಗೆ ಕೇಳದಿರಲಿ ಅಂತ ಫೋನಿನ ಬಾಯಿಗೆ ಸೆರಗು ಮುಚ್ಚಿದಳು. ದುರ್ಗಪ್ಪ ಹಗ್ಗ ಹಿಡಿದುಕೊಂಡೇ ಅವಳ ಮಗ್ಗುಲಿಗೆ ಕೂತು ನಿಧಾನಕ್ಕೆ ಬಿಡಿಸಿ ಹೇಳಿದ.

"ಗೋಲಿ ಸೋಡಾ ನೋಡಿಯಲ್ಲ ತಂಗೆವ್ವ? ಗೋಲಿ ಇರೂತನಕ ಗಾಳಿ ಸುಮ್ಮ್ ಕೂತಿರ್ತೈತಿ. ಒಮ್ಮೆಲೆ ಒತ್ತಿದ್ರ ಬುಸ್ ಅಂತ ಏಳ್ತೈತಿ. ಆಳದಾಗ ಇದ್ದಾಂವನ ರಗತದಾಗೂ ಹಂಗ ಗಾಳಿ ಕೂತಿರ್ತೈತಿ. ಗಡಬಡಿಸಿ ಮ್ಯಾಲೆ ತಂದ್ರ ಕೀಲಿನಾಗ ಬುಸ್ ಅಂತೈತಿ. ಅದಕ್ಕ ದಿನಾ ತೂಗಿಬಿಡತಿದ್ದೆ."

ಹಾಗಾದರೆ ಆ ನಗು? ಮಾಲವ್ವ ಕೇಳಲೋ ಬೇಡವೋ ಅಂತ ಕೇಳಿದಳು.

ದುರ್ಗಪ್ಪ ಆಶ್ಚರ್ಯದಿಂದ ಅವಳ ಮುಖ ನೋಡಿದ. ಅದು ಆಳದ ಅಮಲು, ಅದು ಯಾರಿಗೆ ಗೊತ್ತಿಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿದ. ಅಷ್ಟು ಕೆಳಗೆ ಹೋದರೆ ನಾವು ಕಳಿಸುವ ಬರೀ ಗಾಳಿಯೇ ತಲೆಗೇರುತ್ತದೆ, ಮೇಲೆ ಬಂದರೆ ಇಳಿಯುತ್ತದೆ, ಏನಂದೆ ಅನ್ನುವುದೂ ನೆನಪಿರುವುದಿಲ್ಲ. ಎಂಥ ಶರಣನೇ ಇಳಿದರೂ ತಪ್ಪಿದ್ದಲ್ಲ. ಕೆಲವರು ಅಳುತ್ತಾರೆ, ಕೆಲವರು ಬೈಯುತ್ತಾರೆ. ತಿಂಗಳ ಹೆಸರು ಕೇಳಿಸುವುದೇ ತಲೆ ಎಷ್ಟು ಕೆಟ್ಟಿದೆ ಅಂತ ತಿಳಿಯಲು.

"ಮೊದಲ ದಿನಾನ ಹೇಳಬಾರದೇನ ಕಾಕಾ?"

"ಮನಸ್ಸಿಗೆ ಹಚ್ಕೋಬ್ಯಾಡ ಅಂದಿದ್ನೆಲ್ಲ," ಎಂದ ದುರ್ಗಪ್ಪ.

ಈ ಮುದುಕನನ್ನು ತಬ್ಬಿಕೊಳ್ಳಬೇಕೋ ಬಾವಿಗೆ ನೂಕಬೇಕೋ ಅಂತ ಮಾಲವ್ವನಿಗೆ ಒಂದು ಕ್ಷಣ ತಿಳಿಯಲಿಲ್ಲ.

ಈ ಸಲ ಯಾರೂ ಅವಸರ ಮಾಡಲಿಲ್ಲ. ಅವನನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತ, ಅಲ್ಲಲ್ಲಿ ತೂಗಿಬಿಡುತ್ತ ಇಡೀ ಮಧ್ಯಾಹ್ನ ಕಳೆಯಿತು. ನಾಗಲಿಂಗಪ್ಪ ಗಾಲಿಯ ಮೇಲಿನ ಕೈ ಬೇರೆಯವರಿಗೆ ಕೊಡಲಿಲ್ಲ. ಮಾಲವ್ವ ತಾಯವ್ವನ ಸುದ್ದಿ ಹೇಳಿದಳು, ಬೋರ್ಡಿನ ಮೇಲೆ ಬೈದಾಡುವ ಸಾಹೇಬರ ಸುದ್ದಿ ಹೇಳಿದಳು. ಚೀಲದಲ್ಲಿ ಬಾಟಲಿ ಹುಡುಕಿದ್ದನ್ನೂ ಹೇಳಿದಳು. ಆ ಕಡೆಯಿಂದ ಸಣ್ಣ ನಗು ಬಂತು. ಆಳದ ನಗುವಲ್ಲ, ಅವನ ಸ್ವಂತದ್ದು. ಅದನ್ನು ಅವಳು ಕೇಳಿದ್ದು ಅದೇ ಮೊದಲು.

ನೀರಿನ ಮೇಲ್ಮೈ ಇನ್ನೇನು ಹತ್ತಿರ ಬಂದಾಗ ಅವನೇ ಕೇಳಿದ. "ಅವತ್ತ ನಾ ಏನಂದಿದ್ದೆ? ಹೇಳ್ರಿ. ಎಷ್ಟ ಕೆಟ್ಟದ್ದಿದ್ರೂ ಕೇಳ್ತೇನಿ."

"ಕೆಟ್ಟದ್ದೇನಲ್ರಿ," ಅಂದಳು ಮಾಲವ್ವ. ಅಪ್ಪ ಅಷ್ಟು ಹತ್ತಿರದಲ್ಲಿದ್ದಾನೆ. ಉಳಿದದ್ದನ್ನು ಹೇಗೆ ಹೇಳುವುದು?



"ಕೆಳಗ ಏನಂದೆ, ನನಗ ಗೊತ್ತಿಲ್ರಿ," ಅಂದ ಈಶಪ್ಪ. "ಮ್ಯಾಲೆ ಇದ್ದಾಗ ಒಂದ ಮಾತು ದಿನಾ ಬಾಯಿತನಕ ಬರ್ತಿತ್ತು, ದಿನಾ ನುಂಗತಿದ್ದೆ. ಅದ ಇರಬೇಕು."

ಬಿಸಿಲು ಇಳಿಯುವ ಹೊತ್ತಿಗೆ ಟೊಪ್ಪಿಗೆ ಬಿಚ್ಚಿದರು. ಈಶಪ್ಪ ಎದ್ದು ನಿಂತ. ಎರಡು ಹೆಜ್ಜೆ ಇಟ್ಟ. ಈ ಸಲ ಕಾಲು ನೆಟ್ಟಗಿದ್ದವು. ಆಳುಗಳು ಹೋ ಅಂತ ಕೂಗಿ, ಸರಪಳಿಗೆ ಕೈ ಹಾಕಿ ದೊಡ್ಡಪ್ಪನನ್ನು ಎಳೆಯತೊಡಗಿದರು.

ನಾಗಲಿಂಗಪ್ಪ ಬೊಬ್ಬೆ ಎದ್ದ ಅಂಗೈ ನೋಡಿಕೊಂಡು ಮಗಳ ಹತ್ತಿರ ಬಂದ. ಜೀಪಿನವನಿಗೆ ಏನೋ ಹೇಳಿ ಬರುತ್ತೇನೆ ಅಂದ. ಹೋಗುವಾಗ ಈಶಪ್ಪನ ಕಡೆ ತಿರುಗಿ, "ನಿಮ್ಮ ಬಾಯಾಗ ಶೇಂಗಾ ಚಟ್ನಿ ವಾಸನಿ ಬಂತು," ಅಂದ. "ಅದು ನಮ್ಮ ಮನೀದು. ಮನಿಗೆ ಬರ್ರಿ, ಬಿಸಿ ರೊಟ್ಟಿ ಜೋಡಿ ತಿನ್ನಾಕ."

ಜೀಪಿನವನಿಗೆ ಹೇಳುವಂಥದ್ದು ಏನೂ ಇರಲಿಲ್ಲ. ಆದರೂ ನಾಗಲಿಂಗಪ್ಪ ಜೀಪಿನ ಹತ್ತಿರವೇ ಬೆನ್ನು ತಿರುಗಿಸಿ ನಿಂತ.

ಈಗ ಇಬ್ಬರೇ. ಮಾಲವ್ವ ಹೆಡ್‌ಫೋನು ಕಳಚಿ ತೊಡೆಯ ಮೇಲಿಟ್ಟುಕೊಂಡಳು.

"ತಿಂಗಳ ಹೆಸರು ಹೇಳ್ರಿ," ಅಂದಳು.

ಈಶಪ್ಪ ಹೇಳಿದ. ಚೈತ್ರದಿಂದ ಫಾಲ್ಗುಣದವರೆಗೆ, ಶಾಲೆಯ ಹುಡುಗನ ಹಾಗೆ ಕೈ ಕಟ್ಟಿಕೊಂಡು, ಒಂದನ್ನೂ ಬಿಡದೆ.

"ಈಗ ಆ ಮಾತು ಹೇಳ್ರಿ."

ಅವನು ಉಸಿರೆಳೆದುಕೊಂಡ. ಮೇಲಿನ ಈಶಪ್ಪ, ನಾಲ್ಕು ಮಾತಿಲ್ಲದ ಈಶಪ್ಪ, ಬೆವರುತ್ತ, ಕೆಂಪಾಗುತ್ತ, ಅವಳ ಕಣ್ಣು ನೋಡಿಕೊಂಡೇ ಹೇಳಿದ.

"ನನ್ನ ಮದುವಿ ಆಗ್ತೀರೇನ್ರಿ?"

"ಹೂಂ," ಅಂದಳು ಮಾಲವ್ವ. ಅಷ್ಟು ದಿನದಿಂದ ಕಾದಿಟ್ಟುಕೊಂಡ ಉತ್ತರ ಅಷ್ಟೇ ಚಿಕ್ಕದಾಗಿತ್ತು. ಆಮೇಲೆ ತಲೆ ತಗ್ಗಿಸಿ, ತಂತಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. "ಯಾವ ತಿಂಗಳದಾಗ ಅಂತ ಅಪ್ಪ ಕೇಳಿದ್ರ ಏನ ಹೇಳ್ತೀರಿ?"

"ಅದು... ಜ್ಯೇಷ್ಠ ಆದಮ್ಯಾಲೆ ಶ್ರಾವಣ... ಅಲ್ಲ, ಕಾರ್ತೀಕ..." ಈಶಪ್ಪ ತಡವರಿಸಿದ. ಮುಖದ ತುಂಬ ನಗು ಹರಡಿತ್ತು. "ನಡುವ ಇನ್ನೊಂದ ಯಾವುದೋ ಬರ್ತೈತಲ್ರಿ?"

ಅತ್ತ ದೂರದಲ್ಲಿ ಹಗ್ಗ ಸುತ್ತುತ್ತಿದ್ದ ದುರ್ಗಪ್ಪ ತಲೆ ಎತ್ತಿದ. "ತಂಗೆವ್ವ, ಹುಡುಗ ತಪ್ಪಿದ. ಏನ ಮಾಡೂಣು?"

ಮಾಲವ್ವ ಈಶಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಇರ್ಲಿ ಬಿಡ್ರಿ ಕಾಕಾ," ಅಂದಳು. "ಈ ಅಮಲು ನಮ್ಮ ಮನಿಗೆ ನಡೀತೈತಿ."